ಕೋಥರೂಡಿನಲ್ಲಿ ಮಕ್ಕಳ ಜೊತೆ ನಾನೂ ಜಿಯು ಜಿಟ್ಸು ಸೇರಬೇಕೆಂದಿದ್ದೇನೆ. ಕ್ಲಬ್‌ನಲ್ಲಿ ಏನೇನು ನೋಡಬೇಕು?

ಧಾರವಾಡದಾಕಿ, ಕೋಥರೂಡ್

ಪುಣೆಯಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ಜಿಯು ಜಿಟ್ಸು (ನೆಲದ ಮೇಲೆ ಹಿಡಿದು ಹೊರಳಾಡುವ, ಕುಸ್ತಿಯಂಥ ಆಟ) ಕಲಿಯುತ್ತಿದ್ದೀರಾ? ಮಕ್ಕಳನ್ನಾದರೂ ಕಳಿಸುತ್ತಿದ್ದೀರಾ? ನಾನು ಸೇರಬೇಕು ಅಂತ ಮಾಡೀನಿ. ದುಡ್ಡು ಕಟ್ಟುವ ಮೊದಲು ಗೊತ್ತಿದ್ದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ವನಾಜ್ ಮೆಟ್ರೊ ಸ್ಟೇಷನ್ ಕಡೆ. ನಡೆದು ಹೋಗುವಷ್ಟು ಹತ್ತಿರದಲ್ಲೇ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಬ್ರೆಜಿಲಿಯನ್ ಜಿಯು ಜಿಟ್ಸು ಕ್ಲಬ್ ಇದೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಇವರದು. ಮಗಳಿಗೆ 10 ವರ್ಷ, ಮಗನಿಗೆ 6. ಗೆಳತಿ ಹೋಗುತ್ತಾಳೆ ಅಂತ ಮಗಳು ಹಟ ಹಿಡಿದಳು, ಒಂದು ದಿನ ಟ್ರಯಲ್ ಕ್ಲಾಸಿಗೆ ಕರೆದುಕೊಂಡು ಹೋದೆ. ನಾನು ಗೋಡೆಗೆ ಹಾಕಿದ ಬೆಂಚಿನ ಮೇಲೆ ಕೂತಿದ್ದೆ. ಮ್ಯಾಟಿನ ಆ ಮೂಲೆಯಲ್ಲಿ ನನ್ನದೇ ವಯಸ್ಸಿನ, ಸಣಕಲು ಮೈಯ ಹೆಂಗಸು ಅಂಗಾತ ಮಲಗಿದ್ದರು. ಏನಿಲ್ಲವೆಂದರೂ 80 ಕಿಲೊ ತೂಗುವ ಗಂಡಸು ಅವರ ಹೊಟ್ಟೆಯ ಮೇಲೆ ಕೂತಿದ್ದ. ಅವರು ಅವನ ಒಂದು ತೋಳನ್ನು ತಬ್ಬಿ ಹಿಡಿದು, ಸೊಂಟ ಎತ್ತಿ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅವನನ್ನು ಕೆಳಗೆ ಹಾಕಿ ತಾವು ಮೇಲೆ ಬಂದರು. ಇಬ್ಬರೂ ಕೈ ತಟ್ಟಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಅದನ್ನು ನಾನೂ ಕಲಿಯಬೇಕು. ನನಗಾಗಿ ಏನಾದರೂ ಬೇಕು ಅಂತ ಇಷ್ಟು ಗಟ್ಟಿಯಾಗಿ ಅನ್ನಿಸಿ ವರ್ಷಗಳೇ ಆಗಿದ್ದವು.

ನನಗೆ 39. ಕರ್ವೆ ರಸ್ತೆಯ ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ, ದಿನವಿಡೀ ಕುರ್ಚಿ. ಎರಡನೇ ಹೆರಿಗೆ ಸಿಸೇರಿಯನ್. ಈ ಮೈಗೆ ಇದು ಆದೀತೇ? ಶನಿವಾರ, ಭಾನುವಾರ ಬೆಳಿಗ್ಗೆ ಅಲ್ಲಿ ಫ್ಯಾಮಿಲಿ ಬ್ಯಾಚ್ ಇದೆ, ತಂದೆತಾಯಿ ಮಕ್ಕಳು ಒಂದೇ ಮ್ಯಾಟಿನ ಮೇಲೆ. ಗಂಡಸರ ಜೊತೆ ಜೋಡಿ ಹಾಕಿದರೆ ಏನು ಮಾಡುವುದು ಅನ್ನುವುದು ನನ್ನ ಮೊದಲ ಅಳುಕು. ಅತ್ತೆಯವರು ನಮ್ಮ ಜೊತೆಗಿದ್ದಾರೆ. ಬೇಡ ಅನ್ನಲಿಲ್ಲ, ಆದರೆ ಕೇಳಿದ್ದೆಲ್ಲ ಕೇಳಬೇಕಾದ ಮಾತೇ: "ಹುಡುಗಿಯ ಕುತ್ತಿಗೆ ಹಿಡಿಯೋ ಆಟ ಅಂತಲ್ಲ? ನೀನು ತಾಳಿ, ಕಾಲುಂಗುರ ತೆಗೆದಿಟ್ಟು ಹೋಗಬೇಕೇನು? ಇದು ಯಾವ ದೇಶದ್ದು, ಜಪಾನೋ ಬ್ರೆಜಿಲ್ಲೋ?"

ಫೀ ಒಬ್ಬರಿಗೆ ತಿಂಗಳಿಗೆ 4000. ಮೂವರದೂ ಸೇರಿ ವರ್ಷದ್ದು ಒಟ್ಟಿಗೆ ಕಟ್ಟಿದರೆ ದೊಡ್ಡ ರಿಯಾಯಿತಿ, ಈ ತಿಂಗಳ ಕೊನೆಯವರೆಗೆ ಮಾತ್ರ ಅಂತ ಹೇಳಿದ್ದಾರೆ. ಕೋಚ್ ಮರಾಠಿ ಹುಡುಗ, ಮಾತು ಮೆತ್ತಗಿದೆ, ಮಕ್ಕಳು ಅವನ ಸುತ್ತ ಮುತ್ತಿಕೊಳ್ಳುತ್ತಾರೆ. ಅಷ್ಟು ನೋಡಿದರೆ ಸಾಕೇ? ಒಳ್ಳೆಯ ಕ್ಲಬ್ ಅಂತ ಯಾವುದರಿಂದ ತಿಳಿಯುವುದು?

ವಾಕಡ್‌ನ ಅಪ್ಪ

ಉಳಿದದ್ದನ್ನು ಬಲ್ಲವರು ಹೇಳಲಿ, ದುಡ್ಡಿನ ವಿಚಾರ ನಾನು ಹೇಳುತ್ತೇನೆ. ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ನಮ್ಮ ಕಡೆ ಒಂದು ಕಡೆ ಮಗನ ಹೆಸರಲ್ಲಿ ಹಾಗೆ ಕಟ್ಟಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಮಕ್ಕಳ ಬ್ಯಾಚನ್ನೇ ನಿಲ್ಲಿಸಿದರು, ಉಳಿದ ಹಣ ಬರಲಿಲ್ಲ. ಈಗ ಬೇರೆ ಕಡೆ ಮೂರು ತಿಂಗಳಿಗೊಮ್ಮೆ ಕಟ್ಟುತ್ತೇವೆ. ಮಗುವಿಗೆ ಜ್ವರ ಬಂದರೆ, ಪರೀಕ್ಷೆ ಇದ್ದರೆ, ಊರಿಗೆ ಹೋದರೆ ಆ ದಿನಗಳನ್ನು ಮುಂದಕ್ಕೆ ಹಾಕಿಕೊಡುತ್ತಾರಾ ಅಂತ ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಸಾಗರದವಳು, ಔಂಧ್

ನಾನು ಬ್ಲೂ ಬೆಲ್ಟ್. ಮಗ ಹೋಗುತ್ತಾನೆ ಅಂತ ನಾನೂ ಹೊರಟವಳು, ಸೇರಿದಾಗ ನಲವತ್ತರ ಹತ್ತಿರ ಇದ್ದೆ. ನಿಮ್ಮ ಪ್ರಶ್ನೆ ಓದಿ ತುಂಬ ಸಂತೋಷವಾಯಿತು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೀವು ಕಂಡದ್ದರ ಬಗ್ಗೆ. ಅದು ಮೌಂಟಿನಿಂದ, ಅಂದರೆ ಎದುರಾಳಿ ಮೈಮೇಲೆ ಕೂತಾಗ, ಬಿಡಿಸಿಕೊಳ್ಳುವ ಪಟ್ಟು, ಪೋರ್ಚುಗೀಸಿನಲ್ಲಿ ಉಪಾ ಅನ್ನುತ್ತಾರೆ. ಬಹುತೇಕ ಕ್ಲಬ್‌ಗಳಲ್ಲಿ ಮೊದಮೊದಲು ಕಲಿಸುವುದೇ ಅದನ್ನು, ನಿಮಗೂ ಬೇಗ ಬರುತ್ತದೆ. ಮೇಲೆ ಕೂತವನ ಒಂದು ಕೈಯನ್ನು ಎದೆಗೆ ಅವುಚಿಕೊಳ್ಳಬೇಕು, ಅದೇ ಬದಿಯ ಅವನ ಪಾದವನ್ನು ನಿಮ್ಮ ಪಾದದಿಂದ ಕಟ್ಟಿಹಾಕಬೇಕು. ಮೇಜಿನ ಒಂದು ಬದಿಯ ಎರಡು ಕಾಲು ಕಿತ್ತ ಹಾಗೆ, ಆ ಕಡೆ ಊರಿಕೊಳ್ಳಲು ಅವನಿಗೆ ಏನೂ ಉಳಿಯುವುದಿಲ್ಲ. ಆಮೇಲೆ ಸೊಂಟವನ್ನು ನೇರ ಮೇಲಕ್ಕಲ್ಲ, ಆ ಬದಿಯ ಭುಜದ ಕಡೆಗೆ ಓರೆಯಾಗಿ ಎತ್ತಿ ಹೊರಳಬೇಕು. ತೋಳಿನ ಬಲದಿಂದ 80 ಕಿಲೊ ತಳ್ಳಲು ನಮ್ಮಿಂದಾಗದು. ಸೊಂಟ, ತೊಡೆ, ಅಂಗಾಲಿನ ಬಲ ಒಟ್ಟಾದರೆ ಆಗುತ್ತದೆ. ಈ ವಿದ್ಯೆಯ ಉದ್ದಕ್ಕೂ ಇದೇ ಲೆಕ್ಕ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಈಗ ಕ್ಲಬ್ ನೋಡುವುದು ಹೇಗೆ. ಟ್ರಯಲ್ ಕ್ಲಾಸ್ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ. ಇನ್ನೊಂದು ದಿನ ಹೋಗಿ, ಕೊನೆಯ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಆಗ ನಡೆಯುವುದು ರೋಲಿಂಗ್, ಅಂದರೆ ಇಬ್ಬರು ನಿಜವಾಗಿ ಪಟ್ಟು ಹಾಕಿ ಸೆಣಸುವುದು. ಇಲ್ಲಿ ಗುದ್ದು, ಒದೆತ ಇಲ್ಲ. ಹಿಡಿತ, ಹೊರಳಾಟ, ಕೀಲುಗಳ ಲಾಕ್, ಕುತ್ತಿಗೆಯ ಹಿಡಿತ ಇಷ್ಟೇ. ಸಿಕ್ಕಿಬಿದ್ದವರು ಎದುರಾಳಿಯ ಮೈಮೇಲೋ ಮ್ಯಾಟಿನ ಮೇಲೋ ಅಂಗೈಯಿಂದ ತಟ್ಟುತ್ತಾರೆ. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ "ಟ್ಯಾಪ್" ಅನ್ನುತ್ತಾರೆ. ಆ ಕ್ಷಣಕ್ಕೆ ಬಿಡಬೇಕು. ಬಿಡುತ್ತಾರಾ ನೋಡಿ. ತಟ್ಟಿದ ಮೇಲೂ ಅರೆಕ್ಷಣ ಹಿಡಿದೇ ಇರುವವರು ಎಷ್ಟು ಜನ, ಅದನ್ನು ಕಂಡ ಕೋಚ್ ಏನು ಮಾಡುತ್ತಾನೆ ನೋಡಿ. ಮ್ಯಾಟಿನ ಮೇಲೆ ಎಲ್ಲರಿಗಿಂತ ಚಿಕ್ಕವರಿಗೆ ಜೋಡಿ ಯಾರು ಸಿಗುತ್ತಾರೆ, ಆ ಜೋಡಿಯವರು ತಮ್ಮ ಪೂರ್ತಿ ಭಾರ ಹಾಕುತ್ತಾರಾ ಅಥವಾ ಅವರ ಅಳತೆಗೆ ಇಳಿದು ಆಡುತ್ತಾರಾ ನೋಡಿ. ಗೋಡೆಯ ಮೇಲೆ "ಫ್ಯಾಮಿಲಿ ಫ್ರೆಂಡ್ಲಿ" ಅಂತ ಯಾರು ಬೇಕಾದರೂ ಬರೆಸಬಹುದು. ಅದು ನಿಜವೋ ಸುಳ್ಳೋ ಗೊತ್ತಾಗುವುದು ಈ ಅರ್ಧ ಗಂಟೆಯಲ್ಲಿ.

ಇನ್ನೊಂದು ಮಾತು, ಇದು ನಿಮ್ಮ ಮೊದಲ ಅಳುಕಿಗೇ ಉತ್ತರ. ಯಾರ ಜೊತೆ ಬೇಕಾದರೂ "ಈಗ ಬೇಡ" ಅನ್ನುವ ಹಕ್ಕು ನಿಮಗಿದೆ. ಕಾರಣ ಹೇಳಬೇಕಿಲ್ಲ. ಸೇರುವ ಮೊದಲೇ ಕೋಚ್ ಹತ್ತಿರ ನೇರವಾಗಿ ಹೇಳಿ: ನಾನು ಸದ್ಯಕ್ಕೆ ಹೆಂಗಸರ ಜೊತೆ ಮಾತ್ರ ರೋಲ್ ಮಾಡುತ್ತೇನೆ. ಅವನ ಮುಖ ನೋಡಿ. "ಆಯ್ತು" ಅಂದರೆ ಸರಿ. "ಇಲ್ಲಿ ಗಂಡು ಹೆಣ್ಣು ಅಂತ ಇಲ್ಲ, ಅಂಥ ನಾಚಿಕೆ ಬಿಡಬೇಕು" ಅಂತ ಪಾಠ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾನೂ ಮೊದಲ ತಿಂಗಳುಗಳಲ್ಲಿ ಹೆಂಗಸರ ಜೊತೆಗೇ ಮಾಡಿದ್ದು. ಆಮೇಲೆ ಒಬ್ಬೊಬ್ಬರ ಸ್ವಭಾವ ಗೊತ್ತಾಗುತ್ತಾ ಹೋದ ಹಾಗೆ ಗಂಡಸರಲ್ಲಿ ಯಾರ ಜೊತೆ ಆಡಬಹುದು, ಯಾರ ಜೊತೆ ಬೇಡ ಅಂತ ನಾನೇ ಆರಿಸಿಕೊಂಡೆ. ಈಗ ನನಗೆ ಅತ್ಯಂತ ಇಷ್ಟದ ಜೊತೆಗಾರರಲ್ಲಿ ಒಬ್ಬರು ನನ್ನ ಒಂದೂವರೆಯಷ್ಟು ತೂಕದ ಬ್ಯಾಂಕ್ ಮ್ಯಾನೇಜರ್. ಅವರು ಎಂದೂ ನನ್ನನ್ನು ಜಜ್ಜಿಲ್ಲ.

ಮಗಳ ವಿಷಯದಲ್ಲಿ ಈ ಹಕ್ಕು ಇನ್ನೂ ದೊಡ್ಡದು. ಹತ್ತು ವರ್ಷದ ಹುಡುಗಿಗೆ, ತಾನು ಎರಡು ಸಲ ತಟ್ಟಿದರೆ ತನಗಿಂತ ದೊಡ್ಡ ದೇಹ ತಕ್ಷಣ ಸರಿದು ನಿಲ್ಲುತ್ತದೆ ಅನ್ನುವುದು ವಾರವಾರವೂ ಅನುಭವಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಿನ ಆತ್ಮರಕ್ಷಣೆ ಯಾವುದಿದೆ ನನಗೆ ತಿಳಿಯದು. ಹಾಗಾಗಿಯೇ ಇದರಲ್ಲಿ ಸಡಿಲ ಬಿಡುವ ಕ್ಲಬ್ ಉಳಿದುದರಲ್ಲಿ ಎಷ್ಟೇ ಚೆನ್ನಾಗಿದ್ದರೂ ಬೇಡ.

ಮಕ್ಕಳನ್ನು ಕೋಚ್ ಮುಚ್ಚಿದ ಬಾಗಿಲ ಹಿಂದೆ ಒಬ್ಬೊಬ್ಬರಾಗಿ ಕರೆಯುವಂತಿಲ್ಲ. ಮಗುವಿನ ಫೋನಿಗೆ ನೇರ ಮೆಸೇಜ್ ಇರಬಾರದು, ಏನಿದ್ದರೂ ತಂದೆತಾಯಿ ಇರುವ ಗುಂಪಿನಲ್ಲಿ. ಬೆಂಚಿನಿಂದ ಇಡೀ ಮ್ಯಾಟ್ ಕಾಣಬೇಕು. "ಪಾಲಕರು ಕೂತರೆ ಮಕ್ಕಳ ಗಮನ ಹಾಳಾಗುತ್ತದೆ" ಅಂತ ಹೊರಗೆ ಕಳಿಸುವ ಕಡೆ ನಾನು ಮಗನನ್ನು ಸೇರಿಸಲಿಲ್ಲ.

ಕೋಚ್‌ನ ಬೆಲ್ಟ್ ಯಾವುದು, ಕೊಟ್ಟವರು ಯಾರು ಅಂತ ಕೇಳಿ. ಇದು ಈ ಆಟದಲ್ಲಿ ಒರಟು ಪ್ರಶ್ನೆ ಅಲ್ಲ, ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಐದು ಬೆಲ್ಟು. ಬಿಳಿಯಿಂದ ಕಪ್ಪಿಗೆ ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಹಾಗಾಗಿ ಚಿಕ್ಕ ಕ್ಲಬ್‌ನಲ್ಲಿ ನೇರಳೆ ಬೆಲ್ಟಿನವರು ಕಲಿಸುತ್ತಿದ್ದರೆ ಗಾಬರಿ ಬೇಡ, ಅವರು ತಾವೂ ಒಬ್ಬ ಕಪ್ಪು ಬೆಲ್ಟಿನವರ ಹತ್ತಿರ ಕಲಿಯುತ್ತಿದ್ದರೆ ಸಾಕು. ಮಕ್ಕಳಿಗೆ ಬೇರೆ ಸಾಲು: ಬಿಳಿ, ಬೂದು, ಹಳದಿ, ಕಿತ್ತಳೆ, ಹಸಿರು. ನೀಲಿ ಬೆಲ್ಟ್ 16 ತುಂಬುವ ವರ್ಷದಿಂದ ಮಾತ್ರ. ಹತ್ತು ವರ್ಷದ ಮಗುವಿಗೆ ಕಪ್ಪು ಬೆಲ್ಟ್ ಕೊಡಿಸುತ್ತೇವೆ ಅನ್ನುವವರು ಜಿಯು ಜಿಟ್ಸು ಕಲಿಸುತ್ತಿಲ್ಲ.

ಅತ್ತೆಯವರ ಪ್ರಶ್ನೆಗಳು ನನಗೂ ಇಷ್ಟವಾದವು. ಮೂಲ ಜಪಾನಿನದು. ಕಾನೊ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಜೂಡೊ ಶಾಲೆ ಕಟ್ಟಿದರು. ಅಲ್ಲಿ ಕಲಿತ ಮಿತ್ಸುಯೊ ಮಾಯೆಡ ದೇಶ ದೇಶ ಸುತ್ತಿ ಕುಸ್ತಿ ಹಿಡಿಯುತ್ತಾ 1914ರಲ್ಲಿ ಬ್ರೆಜಿಲ್ ತಲುಪಿದರು, ಬೆಲೆಂ ಪಟ್ಟಣದಲ್ಲಿ ಕಾರ್ಲೋಸ್ ಗ್ರೇಸಿಗೆ ಕಲಿಸಿದರು. ಕಾರ್ಲೋಸ್ ಮತ್ತು ತಮ್ಮ ಎಲಿಯೊ ಅದರಲ್ಲಿ ನೆಲದ ಮೇಲಿನ ಭಾಗವನ್ನು ಬೆಳೆಸಿದರು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯು.ಎಫ್.ಸಿ.ಯನ್ನು (ಬೇರೆ ಬೇರೆ ವಿದ್ಯೆಯವರು ಎದುರಾಗುವ ಹೋರಾಟದ ಸ್ಪರ್ಧೆ) ಎಲಿಯೊ ಅವರ ಮಗ ರಾಯ್ಸ್ ಗ್ರೇಸಿ ತನಗಿಂತ ದಪ್ಪದವರ ಎದುರು ಗೆದ್ದ ಮೇಲೆ ಲೋಕವೆಲ್ಲ ತಿರುಗಿ ನೋಡಿತು. ಕುತ್ತಿಗೆಯ ವಿಚಾರ: ಪ್ರಮುಖ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಬಿ.ಜೆ.ಜೆ.ಎಫ್.ನ ಸ್ಪರ್ಧಾ ನಿಯಮದಲ್ಲೇ 12ರೊಳಗಿನ ಮಕ್ಕಳಿಗೆ ಗಿಲೊಟಿನ್ (ಎದುರಿನಿಂದ ಕುತ್ತಿಗೆಯನ್ನು ತೋಳಿನಲ್ಲಿ ಬಿಗಿಯುವ) ಹಿಡಿತವೂ ಕಾಲಿನ ಲಾಕ್‌ಗಳೂ ನಿಷಿದ್ಧ. ಎದುರಾಳಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸುವುದು ಯಾವ ವಯಸ್ಸಿನವರಿಗೂ ಇಲ್ಲ. ಎಷ್ಟೋ ಕ್ಲಬ್‌ಗಳು ಇನ್ನೂ ಮುಂದೆ ಹೋಗಿ ಚಿಕ್ಕವರಿಗೆ ಕುತ್ತಿಗೆ ಹಿಡಿಯುವುದನ್ನೇ ಕಲಿಸುವುದಿಲ್ಲ. ನಿಮ್ಮ ಆರು ವರ್ಷದವನಿಗೆ ಕರಡಿ ನಡಿಗೆ, ಸೀಗಡಿಯ ಹಾಗೆ ಸೊಂಟ ಜಾರಿಸಿ ಹಿಂದೆ ಸರಿಯುವುದು, ಬಿದ್ದರೆ ತಲೆ ತಾಗದಂತೆ ಬೀಳುವುದು, ಇಷ್ಟೇ ಇರುತ್ತದೆ. ಅವನ ಪಾಲಿಗೆ ಅದು ಆಟ.

ಒಡವೆ ಮಾತ್ರ ಪೂರ್ತಿ ತೆಗೆಯಲೇಬೇಕು. ತಾಳಿ, ಬಳೆ, ಉಂಗುರ, ಕಾಲುಂಗುರ, ಓಲೆ, ಮೂಗುತಿ ಎಲ್ಲ. ಇದರಲ್ಲಿ ರಾಜಿ ಇಲ್ಲ. ಗೀ ಅನ್ನುವ ದಪ್ಪ ಬಟ್ಟೆಯ ಅಂಗಿಯ ತೋಳಿಗೆ ಓಲೆ ಸಿಕ್ಕಿದರೆ ಕಿವಿ ಹರಿಯುತ್ತದೆ, ಕಾಲುಂಗುರ ಎದುರಿನವರ ಮುಖ ಗೀರುತ್ತದೆ. ಅತ್ತೆಯವರಿಗೆ ಇದನ್ನು ಹಾಗೇ ಹೇಳಿ. ಜಡೆಗೆ ಲೋಹದ ಕ್ಲಿಪ್ ಬೇಡ, ಬಟ್ಟೆಯ ರಬ್ಬರ್ ಬ್ಯಾಂಡ್ ಸಾಕು. ತಲೆಗೆ ಎಣ್ಣೆ ಹಚ್ಚಿದ ದಿನ ತೊಳೆದುಕೊಂಡು ಹೋಗಿ, ಮ್ಯಾಟ್ ಜಾರುತ್ತದೆ.

ಸೇರಿದ ಮೇಲೆ ಕೆಲವು ತಿಂಗಳು ನೀವು ಕೆಳಗೇ ಇರುತ್ತೀರಿ. ಎಲ್ಲರೂ ಇದ್ದವರೇ. ಆಗ ಕಲಿಯಬೇಕಾದದ್ದು ಗೆಲ್ಲುವುದನ್ನಲ್ಲ. ಮೊಣಕೈ ಪಕ್ಕೆಗೆ ಅಂಟಿಸಿಕೊಳ್ಳುವುದು, ಅಂಗಾತ ಉಳಿಯದೆ ಮಗ್ಗುಲಾಗುವುದು, ಉಸಿರು ಬಿಗಿಹಿಡಿಯದೆ ಇರುವುದು. ವಾರಕ್ಕೆ ಎರಡು ದಿನ ಧಾರಾಳ ಸಾಕು.

ಉಡುಪಿಯ ಡಾಕ್ಟರ್, ಪಿಂಪ್ರಿ

ನಾನು ಚರ್ಮರೋಗ ವೈದ್ಯ. ಈ ಆಟದವರು ನನ್ನ ಹತ್ತಿರ ಬರುವುದು ಹೆಚ್ಚಾಗಿ ಹುಳುಕಡ್ಡಿಗೆ, ಇಲ್ಲಿನವರು ಗಜಕರ್ಣ ಅನ್ನುತ್ತಾರೆ. ಮೈಗೆ ಮೈ ತಾಗುವ, ಬೆವರುವ ಎಲ್ಲ ಆಟಗಳಲ್ಲೂ ಇದೆ. ಅಂಚು ಉಬ್ಬಿದ, ತುರಿಸುವ ದುಂಡನೆ ಮಚ್ಚೆ ಕಂಡರೆ ಮೆಡಿಕಲ್ ಶಾಪಿನವರು ಕೊಡುವ ಮಿಶ್ರ ಮುಲಾಮನ್ನು ದಯವಿಟ್ಟು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ, ಮಚ್ಚೆಯ ಆಕಾರ ಕೆಟ್ಟು ಗುರುತಿಸುವುದೂ ಕಷ್ಟವಾಗುತ್ತದೆ. ನಮ್ಮ ದೇಶದಲ್ಲಿ ಮಾಮೂಲಿ ಔಷಧಿಗೆ ಬಗ್ಗದ ಹುಳುಕಡ್ಡಿ ಹಬ್ಬಲು ಇಂಥ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣ. ಸರಿಯಾದ ಔಷಧಿಯನ್ನು ವಾರಗಟ್ಟಲೆ ಬಳಸಬೇಕು. ಡಾಕ್ಟರ್ ಒಪ್ಪುವ ತನಕ ಮ್ಯಾಟಿಗೆ ಹೋಗಬಾರದು, ಮಕ್ಕಳೂ ಸೇರಿ. ಮಕ್ಕಳ ಮೂಗು, ಬಾಯಿಯ ಸುತ್ತ ಜೇನುಬಣ್ಣದ ಹೊಪ್ಪಳೆ ಕಂಡರೆ ಅದು ಬ್ಯಾಕ್ಟೀರಿಯಾ ಸೋಂಕು, ಬೇಗ ಅಂಟುತ್ತದೆ, ಅದಕ್ಕೆ ಔಷಧಿಯೇ ಬೇರೆ.

ಕ್ಲಬ್ ನೋಡಲು ಹೋದಾಗ ಶೌಚಾಲಯದ ಬಾಗಿಲ ಬಳಿ ಕಣ್ಣಿಡಿ. ಬರಿಗಾಲಲ್ಲಿ ಒಳಗೆ ಹೋಗಿ ಹಾಗೇ ಮ್ಯಾಟ್ ಹತ್ತುವವರಿದ್ದರೆ, ಕೋಚ್ ಸುಮ್ಮನಿದ್ದರೆ, ಆ ಕ್ಲಬ್ ಬೇಡ. ಮ್ಯಾಟನ್ನು ದಿನವೂ ಸೋಂಕುನಾಶಕ ಹಾಕಿ ಒರೆಸುತ್ತಾರಾ ಕೇಳಿ. ಉಗುರು ಕತ್ತರಿಸಿರಬೇಕು, ಮನೆಗೆ ಬಂದ ಕೂಡಲೇ ಸ್ನಾನ, ಮೂವರಿಗೂ ಬೇರೆ ಬೇರೆ ಟವೆಲ್. ಗೀಯನ್ನು ಪ್ರತಿಸಲವೂ ಒಗೆಯಬೇಕು. ಪುಣೆಯ ಜುಲೈ, ಆಗಸ್ಟಿನಲ್ಲಿ ಅದು ಒಂದು ದಿನದಲ್ಲಿ ಒಣಗುವುದಿಲ್ಲ, ಆದ್ದರಿಂದ ಮಳೆಗಾಲಕ್ಕೆ ಇನ್ನೊಂದು ಜೊತೆ ಬೇಕಾಗುತ್ತದೆ. ಹಸಿ ಗೀ ಹಾಕಿಕೊಂಡು ಹೋಗುವುದಕ್ಕಿಂತ ಆ ದಿನ ಮನೆಯಲ್ಲಿರುವುದು ಮೇಲು.

ನನ್ನ ಹೆಂಡತಿ ಫಿಸಿಯೊಥೆರಪಿಸ್ಟ್, ಅವಳ ಮಾತನ್ನೂ ಸೇರಿಸುತ್ತೇನೆ. ಆರು ವರ್ಷದ ಹಿಂದಿನ ಸಿಸೇರಿಯನ್ ಅಡ್ಡಿಯಲ್ಲ. ಆದರೆ ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉಬ್ಬು ಕಂಡರೆ, ಕೆಮ್ಮಿದಾಗ, ಜಿಗಿದಾಗ ಮೂತ್ರ ಜಿನುಗಿದರೆ, ಸೇರುವ ಮೊದಲು ಫಿಸಿಯೊ ಹತ್ತಿರ ಹೋಗಿ ಕೆಲವು ವಾರ ವ್ಯಾಯಾಮ ಮಾಡಿ. ಅದು ನಾಚಿಕೊಳ್ಳುವ ವಿಷಯವಲ್ಲ, ಸರಿಹೋಗುವ ವಿಷಯ. ಮಂಡಿಗೆ ಪೆಟ್ಟಾಗುವ ಸಾಧ್ಯತೆ ನಿಂತು ಕೆಡಹುವಾಗ ಹೆಚ್ಚು, ಆರಂಭದಲ್ಲಿ ಮೊಣಕಾಲೂರಿಯೇ ಶುರು ಮಾಡುತ್ತೇನೆ ಅಂತ ಕೇಳಿಕೊಳ್ಳಿ. ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇರುತ್ತದೆ, ಮೊಣಕೈ ಲಾಕನ್ನು ಝಟಕಾ ಕೊಟ್ಟು ಎಳೆದರೆ ಅಲ್ಲಿಗೆ ಪೆಟ್ಟು. ದೊಡ್ಡವರಲ್ಲಿ ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತಿಹಿಡಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಬೇಗ ತಟ್ಟಿ, ತಟ್ಟಿದ ಕೂಡಲೇ ಬಿಡಿ ಅಂತ ಮೇಲಿನವರು ಒತ್ತಿ ಹೇಳಿದ್ದಕ್ಕೆ ವೈದ್ಯಕೀಯ ಕಾರಣ ಇದು.

ಭೋಸರಿ ಪೈಲ್ವಾನ

ನಾ ಬೆಳಗಾವಿ ಕಡಿಯಾಂವ. ಭೋಸರಿ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಾಗ ದುಡಿದು ರಿಟೈರ್ ಆಗೀನಿ. ಹರೇದಾಗ ಗರಡಿ ಮಣ್ಣಾಗ ಬೆಳೆದ ಮೈ ಇದು. ಮೊಮ್ಮಗಳು ಈ ಜಿಯು ಜಿಟ್ಸುಕ್ಕ ಹೊಂಟಾಳ, ಕರಕೊಂಡು ಹೋಗೋದು ನಂದ ಕೆಲಸ. ಅದಕ್ಕ ಬರೀಲಿಕ್ಕತ್ತೀನಿ.

ನಮ್ಮ ಕುಸ್ತ್ಯಾಗ ಬೆನ್ನು ನೆಲಕ್ಕ ಹತ್ತಿತಂದ್ರ ಚಿತ್, ಮುಗೀತು, ಹಲಗಿ ಬಾರಿಸ್ತಾರ. ಇಲ್ಲಿ ನೋಡಿದ್ರ ಹುಡುಗೂರು ತಾವ ಹೋಗಿ ಬೆನ್ನ ಮ್ಯಾಲ ಮಲಗ್ತಾವು, ಅಲ್ಲಿಂದ ಕಾಲಾಗ ಎದುರಿನವನ್ನ ಕಟ್ಟತಾವು. ಅದಕ್ಕ ಗಾರ್ಡ್ ಅಂತಾರ. ಮೊದಲ ನನಗ ಸೇರಲಿಲ್ಲ. ಕೂತು ನೋಡಿ ನೋಡಿ ತಿಳೀತು. ಹೆಣ್ಣುಹುಡುಗೀನ ಯಾವನರ ಕೆಟ್ಟ ಮನಸ್ಸಿನಾಂವ ಕೆಡವಿದ್ರ, ಆಕಿ ಬೆನ್ನ ಮ್ಯಾಲ ಬಿದ್ದಿರ್ತಾಳ. ಅಲ್ಲಿಗೆ ನಮ್ಮ ವಿದ್ಯೆ ಮುಗೀತೈತಿ, ಇವರದು ಅಲ್ಲಿ ಚಾಲೂ ಆಗತೈತಿ. ಮೊಮ್ಮಗಳಿಗೆ ಇದ ಬೇಕು ಅಂತ ಮನಿಯಾಗ ನಾನ ಹೇಳಿದೆ.

ನಮ್ಮ ಢಾಕು, ಸವಾರಿ ಕಟ್ಟೋದು ಈ ಕುಸ್ತಿ ಪಟ್ಟೆಲ್ಲ ಇಲ್ಲೂ ಬ್ಯಾರೆ ಹೆಸರಿನಾಗ ಅದಾವು. ಕೆಡವಿದ್ದಕ್ಕ ಎರಡು ಪಾಯಿಂಟು, ಕಾಲು ದಾಟಿ ಬಂದ್ರ ಮೂರು, ಎದಿ ಮ್ಯಾಲ ಕೂತ್ರ ನಾಕು, ಬೆನ್ನು ಹಿಡಿದ್ರ ನಾಕು. ಮಗಳ ಆಟ ನೋಡೂ ಮುಂದ ಈ ಲೆಕ್ಕ ಗೊತ್ತಿದ್ರ ನಿಮಗೂ ರುಚಿ ಹತ್ತತೈತಿ.

ಎರಡು ಮಾತು ನೆನಪಿಡ್ರಿ. ಬೀಳೋದು ಕಲಸದ ಕೆಡವೋದು ಕಲಸೋ ಕೋಚ್ ಬ್ಯಾಡ. ಆರು ವರ್ಷದ ಕೂಸಿಗೆ ತಲಿ ಮ್ಯಾಲ ಭಾರ ಹಾಕಿ ಕುತ್ತಿಗಿ ಕಸರತ್ತು ಮಾಡಿಸಿದ್ರ ನೀವ ಎದ್ದು ನಿಲ್ಲಿಸ್ರಿ, ಗರಡ್ಯಾಗ ನಾವೂ ಸಣ್ಣ ಹುಡುಗೂರಿಗೆ ಮಾಡಸತಿರಲಿಲ್ಲ. ಅತ್ತಿಯವರನ್ನ ಒಂದ್ಸಲ ಬೆಂಚಿನ ಮ್ಯಾಲ ಕೂಡಿಸ್ರಿ. ಖಾಶಾಬಾ ಜಾಧವ 1952ರಾಗ ಹೆಲ್ಸಿಂಕಿ ಒಲಿಂಪಿಕ್ಸ್‌ನಿಂದ ಕುಸ್ತ್ಯಾಗ ಕಂಚು ತಂದಾಂವ, ಇಲ್ಲೇ ಕರಾಡ ಹತ್ರದಾಂವ. 2016ರಾಗ ಸಾಕ್ಷಿ ಮಲಿಕ್ ರಿಯೊದಾಗ ಕಂಚು ಗೆದ್ದಳು. ಹೆಣ್ಣುಮಕ್ಕಳಿಗೆ ಅಖಾಡ ಯಾಕ ಅಂತ ಕೇಳೋ ಕಾಲ ಹೋತ್ರಿ.

ಧಾರವಾಡದಾಕಿ, ಕೋಥರೂಡ್

ಎಲ್ಲರಿಗೂ ಮನಸಾರೆ ಧನ್ಯವಾದ. ನೀವು ಹೇಳಿದಂತೆ ಹೋಗಿ ಕೊನೆಯ ಅರ್ಧ ಗಂಟೆ ಕೂತು ನೋಡಿದೆವು. ಅತ್ತೆಯವರೂ ಬಂದಿದ್ದರು.

ಸುಮಾರು ಹದಿನಾಲ್ಕರ ಹುಡುಗನೊಬ್ಬ ತನಗಿಂತ ಚಿಕ್ಕವನ ತೋಳು ಹಿಡಿದಿದ್ದ. ಚಿಕ್ಕವನು ತಟ್ಟಿದ, ಇವನು ಬಿಡುವುದು ಸ್ವಲ್ಪ ತಡವಾಯಿತು. ಕೋಚ್ ಕೂಗಾಡಲಿಲ್ಲ. ಇಡೀ ಮ್ಯಾಟಿನ ಆಟ ನಿಲ್ಲಿಸಿ, ಹುಡುಗನನ್ನು ಪಕ್ಕಕ್ಕೆ ಕೂರಿಸಿ, ಆ ಚಿಕ್ಕವನ ತೋಳು ನೋಡಿ, ಆಮೇಲೆ ಎಲ್ಲರಿಗೂ ಟ್ಯಾಪ್ ಅಂದರೆ ಏನು ಅಂತ ಮತ್ತೊಮ್ಮೆ ಮಾಡಿಸಿದರು. ದೊಡ್ಡ ಹುಡುಗ ಆ ದಿನ ಮತ್ತೆ ರೋಲ್ ಮಾಡಲಿಲ್ಲ. ನನಗೆ ಬೇಕಾಗಿದ್ದ ಉತ್ತರ ಅಲ್ಲೇ ಸಿಕ್ಕಿತು.

ಕ್ಲಾಸ್ ಮುಗಿದ ಮೇಲೆ ಅತ್ತೆ ನೇರ ಕೋಚ್ ಮುಂದೆ ನಿಂತು, ನನ್ನ ಮೊಮ್ಮಗಳ ಕುತ್ತಿಗೆ ಯಾರು ಹಿಡಿಯುತ್ತಾರೆ ಅಂತ ತಮ್ಮ ಮರಾಠಿಯಲ್ಲಿ ಕೇಳಿದರು. ಹನ್ನೆರಡು ದಾಟುವ ತನಕ ನಮ್ಮಲ್ಲಿ ಯಾರೂ ಹಿಡಿಯುವುದಿಲ್ಲ ಅಂದರು ಅವರು. ಹೆಂಗಸರ ಜೊತೆ ಮಾತ್ರ ರೋಲ್ ಮಾಡುತ್ತೇನೆ ಅಂತ ನಾನು ಹೇಳಿದ್ದಕ್ಕೆ ಆಯ್ತು ಅಂದರು, ಬುಧವಾರ ಸಂಜೆ ಇನ್ನೂ ಮೂವರು ಹೆಂಗಸರು ಬರುತ್ತಾರೆ, ಆ ದಿನವೂ ಬನ್ನಿ ಅಂತ ತಾವೇ ಸೂಚಿಸಿದರು. ಕೋಚ್ ನೇರಳೆ ಬೆಲ್ಟ್, ತಮ್ಮ ಗುರು ಯಾರೆಂದು ಹೇಳಿ ಫೋಟೊ ತೋರಿಸಿದರು. ಶೌಚಾಲಯದ ಮುಂದೆ ರಬ್ಬರ್ ಚಪ್ಪಲಿಗಳ ಸಾಲು ಇತ್ತು. ಮೂರು ತಿಂಗಳದ್ದು ಕಟ್ಟಿದ್ದೇವೆ, ರಜೆ ದಿನಗಳ ಮಾತನ್ನು ಬರೆಸಿಕೊಂಡೂ ಆಯಿತು. ಹೊಟ್ಟೆಯ ನಡುವೆ ಸಣ್ಣ ಉಬ್ಬು ಇದೆ, ಹಾಗಾಗಿ ಮಕ್ಕಳು ಈಗಲೇ ಶುರು ಮಾಡುತ್ತಾರೆ, ನಾನು ಫಿಸಿಯೊ ಮುಗಿಸಿ ಸೇರುತ್ತೇನೆ.

ತಾಳಿ, ಕಾಲುಂಗುರ ಇಡಲು ಅತ್ತೆಯೇ ತಮ್ಮ ಹಳೆಯ ಬೆಳ್ಳಿ ಭರಣಿ ಕೊಟ್ಟಿದ್ದಾರೆ. ಮೂಗುತಿ ಮಾತ್ರ ಮದುವೆಯಾದಾಗಿನಿಂದ ತೆಗೆದೇ ಇಲ್ಲ, ತಿರುಪು ಬಿಗಿದಿದೆ. ಮೇಲೆ ಟೇಪ್ ಅಂಟಿಸಿದರೆ ನಡೆಯುತ್ತದೆಯೇ? ಮಗನಿಗೆ ಗೀ ಯಾವ ಅಳತೆ ತೆಗೆದುಕೊಳ್ಳಲಿ? 118 ಸೆಂಟಿಮೀಟರ್ ಇದ್ದಾನೆ.

ಸಾಗರದವಳು, ಔಂಧ್

ಓದಿ ತುಂಬ ನೆಮ್ಮದಿಯಾಯಿತು. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಜೊತೆಗಾರರಿಲ್ಲದೆ ಒಬ್ಬರೇ ಮಾಡುವ ಚಲನೆಗಳಿಗೆ ಟೇಪ್ ಸಾಕು. ರೋಲಿಂಗ್‌ಗೆ ಸಾಲದು, ಗೀ ಉಜ್ಜಿದರೆ ಟೇಪ್ ಸಮೇತ ಕಿತ್ತು ಬರುತ್ತದೆ. ಮನೆಯಲ್ಲಿ ಇಕ್ಕಳ ಹಾಕಿ ತಿರುಚಲು ಹೋಗಬೇಡಿ. ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿ, ತಿರುಪು ಸಡಿಲ ಮಾಡಿಸಿಕೊಳ್ಳಿ. ನಿಮ್ಮ ಫಿಸಿಯೊ ಮುಗಿಯುವುದರೊಳಗೆ ಹಾಕಿ ತೆಗೆಯುವ ರೂಢಿಯೂ ಆಗಿರುತ್ತದೆ. ಇಷ್ಟು ವರ್ಷದ ತೂತು ಒಂದು ಗಂಟೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ.

ಮಕ್ಕಳ ಗೀಗೆ ಎಂ0, ಎಂ1, ಎಂ2 ಅಂತ ಅಳತೆ ಇರುತ್ತದೆ, ಆದರೆ ಒಂದು ಕಂಪನಿಯ ಎಂ1 ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ಆ ಕಂಪನಿಯದೇ ಪಟ್ಟಿಯಲ್ಲಿ ಎತ್ತರ, ತೂಕ ಎರಡನ್ನೂ ನೋಡಿ. ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿನ ತನಕ ಬರಬೇಕು. ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ, ಎರಡು ಅಳತೆಯ ನಡುವೆ ಬಂದರೆ ದೊಡ್ಡದನ್ನೇ ಆರಿಸಿ, ಬಿಸಿನೀರಿಗೆ ಹಾಕಬೇಡಿ. ಆರು ವರ್ಷದವನಿಗೆ ಹೊಸದು ಕೊಳ್ಳುವ ಮೊದಲು ಕ್ಲಬ್‌ನ ಪಾಲಕರ ಗುಂಪಿನಲ್ಲಿ ಒಮ್ಮೆ ಕೇಳಿ. ದೊಡ್ಡ ಮಕ್ಕಳಿಗೆ ಗಿಡ್ಡವಾದ ಗೀ ಯಾರ ಮನೆಯಲ್ಲಾದರೂ ಮಡಚಿಟ್ಟದ್ದು ಇದ್ದೇ ಇರುತ್ತದೆ. ನನ್ನ ಮಗನ ಮೊದಲಿನದು ನನ್ನ ಹತ್ತಿರ ಇನ್ನೂ ಇದೆ. ಅವನಿಗೆ ಸರಿಹೋಗುವಂತಿದ್ದರೆ ಹೇಳಿ, ಕೋಥರೂಡಿನ ಕಡೆ ಬಂದಾಗ ಕೊಡುತ್ತೇನೆ.